ಮದ್ದು ಸೊಪ್ಪಿನ ಕೆಂಪು, ಐದನೆಯ ದಿನದ ಕೆಂಪು

ಪ್ರಶ್ನೆ: ನನಗೆ 39 ವರ್ಷ, ಇಬ್ಬರು ಮಕ್ಕಳು. ನಾಪೋಕ್ಲು ಕಡೆ ನಮ್ಮದು ಚಿಕ್ಕ ಕಾಫಿ ತೋಟ. ಕೊಯ್ಲಿನ ಸಮಯದಲ್ಲಿ ಬೆಳಗ್ಗೆಯಿಂದ ಸಂಜೆ ತೂಕ ಮುಗಿಯುವವರೆಗೆ ನಾನೂ ತೋಟದಲ್ಲೇ ಇರುತ್ತೇನೆ. ಈ ಜನವರಿಯಲ್ಲಿ ಉರಿಮೂತ್ರ ಶುರುವಾಯಿತು. ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ತಂದು ನುಂಗಿದೆ, ಎರಡು ದಿನಕ್ಕೆ ಕಡಿಮೆಯಾಯಿತು, ನಿಲ್ಲಿಸಿದೆ. ಮೇ ತಿಂಗಳಲ್ಲಿ ಮತ್ತೆ ಬಂತು, ಉಳಿದಿದ್ದ ಮಾತ್ರೆಗಳನ್ನೇ ತೆಗೆದುಕೊಂಡೆ. ಇದು ಮೂರನೆಯ ಸಲ. ನಮ್ಮ ಕೊಡವ ತಿಂಗಳು ಕಕ್ಕಡದ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದಿದ್ದೆವು. ಮರುದಿನ ಮೂತ್ರ ಕೆಂಪಾಗಿತ್ತು, ಮನೆಯಲ್ಲಿ ಎಲ್ಲರಿಗೂ ಹಾಗೇ ಆಗಿತ್ತು, ಸುಮ್ಮನಿದ್ದೆ. ಆದರೆ ಐದು ದಿನ ಕಳೆದರೂ ನನಗೆ ಮಾತ್ರ ಕೆಂಪು ಛಾಯೆ ಹೋಗಿಲ್ಲ, ಉರಿಯೂ ಇದೆ. ಇದಲ್ಲದೆ ಎರಡು ತಿಂಗಳಿಂದ ಕಿಬ್ಬೊಟ್ಟೆ ಎಳೆದಂತಾಗುತ್ತದೆ, ವಾಸನೆಯ ಬಿಳಿಸೆರಗು ಹೋಗುತ್ತದೆ, ಗಂಡನ ಜೊತೆ ಸೇರುವಾಗ ಒಳಗೆ ನೋವಾಗುತ್ತದೆ. ಎರಡು ವರ್ಷದ ಹಿಂದೆ ಕಾಪರ್-ಟಿ ಹಾಕಿಸಿದ್ದೇನೆ. ಅತ್ತೆಯವರು ಉಷ್ಣ ಎನ್ನುತ್ತಾರೆ. ಪಕ್ಕದ ಮನೆಯವರು ಗರ್ಭಕೋಶ ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಮೂತ್ರದ ಸೋಂಕು ಗರ್ಭಕೋಶಕ್ಕೆ ಹರಡಿದೆಯೇ? ಕಿಡ್ನಿ ಹಾಳಾಗುತ್ತದೆಯೇ? ಯಜಮಾನರಿಗೆ ಏನೂ ತೊಂದರೆ ಇಲ್ಲ. ಅವರೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒಂದೇ ಕಾಯಿಲೆ ಎಂದುಕೊಂಡು ಬರೆದಿದ್ದೀರಿ. ನನಗೆ ಅದರಲ್ಲಿ ಎರಡು ಕಾಣುತ್ತಿವೆ: ಒಂದು ಮೂತ್ರಕೋಶದ್ದು, ಇನ್ನೊಂದು ಗರ್ಭಕೋಶ ಮತ್ತು ಗರ್ಭನಾಳಗಳದ್ದು. ಎರಡೂ ಅಂಗಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವುದರಿಂದ ನೋವು ಎಲ್ಲಿಯದೆಂದು ತಿಳಿಯುವುದು ಕಷ್ಟ. ಆದರೆ ಎರಡರ ಸೂಕ್ಷ್ಮಾಣುಗಳು ಬೇರೆ, ಮಾಡಬೇಕಾದ ಪರೀಕ್ಷೆ ಬೇರೆ, ಔಷಧವೂ ಬೇರೆ. ಎಂಟು ತಿಂಗಳಿಂದ ನಿಮ್ಮನ್ನು ಕಾಡುತ್ತಿರುವುದಕ್ಕೆ ಇದುವರೆಗೆ ಯಾರೂ ಹೆಸರಿಟ್ಟಿಲ್ಲ. ಹೆಸರಿಡುವ ಮೊದಲೇ ಮಾತ್ರೆ ನುಂಗಿದ್ದೀರಿ. ಅದಕ್ಕೇ ಅದು ಹೋದಂತೆ ಮಾಡಿ ಮತ್ತೆ ಬರುತ್ತಿದೆ.

ಮೊದಲು ಆ ಕೆಂಪು ಬಣ್ಣದ ಮಾತು. ಹೊರಜಿಲ್ಲೆಯಿಂದ ಬಂದ ವೈದ್ಯರು ಆಗಸ್ಟ್ ಮೊದಲ ವಾರದಲ್ಲಿ ಕೊಡಗಿನವರ ಮೂತ್ರ ನೋಡಿ ಗಾಬರಿಯಾಗುವುದುಂಟು. ಆಗಸ್ಟ್ 3ರ ಆಸುಪಾಸಿನಲ್ಲಿ ಬರುವ ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪನ್ನು ನೀರಿನಲ್ಲಿ ಕುದಿಸಿದರೆ ಆ ನೀರು ನೇರಳೆಗೆ ತಿರುಗುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ, ತೆಂಗಿನಕಾಯಿ, ಜೇನು, ತುಪ್ಪ ಹಾಕಿ ತಿನ್ನುತ್ತೇವೆ. ಆ ಬಣ್ಣ ಮೂತ್ರದಲ್ಲಿ ಕೆಂಪಾಗಿ ಹೊರಬರುತ್ತದೆ. ಅದು ರಕ್ತವಲ್ಲ. ಅದರಿಂದ ಉರಿಯಾಗುವುದಿಲ್ಲ, ಹೆಪ್ಪುಗಟ್ಟಿದ ತುಣುಕು ಬೀಳುವುದಿಲ್ಲ, ಚೆನ್ನಾಗಿ ನೀರು ಕುಡಿದರೆ ಒಂದೆರಡು ದಿನದಲ್ಲಿ ಬಣ್ಣ ತಿಳಿಯಾಗುತ್ತದೆ. ಮನೆಯವರೆಲ್ಲರಿಗೂ ತಿಳಿಯಾಗಿ ನಿಮಗೆ ಮಾತ್ರ ಉಳಿದಿದೆ, ಅದೂ ಉರಿಯೊಂದಿಗೆ. ಹಾಗಾಗಿ ಇದನ್ನು ರಕ್ತವೆಂದೇ ತಿಳಿದು ಮುಂದುವರಿಯಬೇಕು. ಮೂತ್ರಕೋಶದ ಒಳಪದರ ಊದಿಕೊಂಡಾಗ ಅಲ್ಲಿನ ಸಣ್ಣ ರಕ್ತನಾಳಗಳು ಒಸರುತ್ತವೆ, ಸೋಂಕಿನಲ್ಲಿ ಇದು ಅಪರೂಪವೇನಲ್ಲ. ಕಲ್ಲಿದ್ದರೂ ಹೀಗಾಗುತ್ತದೆ. ಮೂತ್ರವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಕೆಂಪು ರಕ್ತಕಣಗಳಿವೆಯೋ ಬರೀ ಬಣ್ಣವೋ ಎಂಬುದು ಕೆಲವು ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಇಲ್ಲಿ ಒಂದು ಮಾತು ಎಲ್ಲ ಓದುಗರಿಗೂ. ಉರಿ, ನೋವು ಏನೂ ಇಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಅದರಲ್ಲೂ ನಲವತ್ತು ದಾಟಿದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಕಂಡರೆ, ಅದು ತಾನಾಗಿ ನಿಂತರೂ ಬಿಡಬಾರದು. ಮೂತ್ರಕೋಶದ ಕ್ಯಾನ್ಸರ್ ಎಷ್ಟೋ ಸಲ ಹೀಗೆ ನೋವಿಲ್ಲದೆ ಒಂದು ದಿನ ಕಾಣಿಸಿ ಮರೆಯಾಗುತ್ತದೆ. ನಿಮಗೂ ಚಿಕಿತ್ಸೆ ಮುಗಿದ ಮೇಲೆ ಇನ್ನೊಮ್ಮೆ ಮೂತ್ರ ಪರೀಕ್ಷೆ ಆಗಲೇಬೇಕು. ಸೋಂಕು ಹೋದ ಮೇಲೂ ರಕ್ತಕಣ ಉಳಿದಿದ್ದರೆ ಸ್ಕ್ಯಾನಿಂಗ್, ಬೇಕಾದರೆ ಕ್ಯಾಮೆರಾ ಹಾಕಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ ಮಾಡಬೇಕಾಗುತ್ತದೆ.

ಈಗ ಉರಿಮೂತ್ರ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಕಾರಣ ದೇಹದ ರಚನೆಯಲ್ಲೇ ಇದೆ. ಮೂತ್ರಕೋಶದಿಂದ ಹೊರಗೆ ಬರುವ ನಾಳ ಗಂಡಸರಲ್ಲಿ 18ರಿಂದ 20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್ ಮಾತ್ರ. ಅದರ ಬಾಯಿ ಯೋನಿಗೂ ಗುದದ್ವಾರಕ್ಕೂ ಹತ್ತಿರ. ನಮ್ಮ ಕರುಳಿನಲ್ಲಿ ಯಾವ ತಂಟೆಯೂ ಮಾಡದೆ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಆ ಚಿಕ್ಕ ದಾರಿಯಲ್ಲಿ ಮೇಲೇರುತ್ತದೆ. ಸಾಮಾನ್ಯ ಉರಿಮೂತ್ರದಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಸಲ ಸಿಗುವುದು ಇದೇ. ಇದರ ಮೈಮೇಲೆ ಕೂದಲೆಳೆಯಂತಹ ಕೊಕ್ಕೆಗಳಿವೆ, ಆ ಕೊಕ್ಕೆಗಳಿಂದ ಮೂತ್ರಕೋಶದ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಗಂಟೆಗಟ್ಟಲೆ ಮೂತ್ರ ಹೊರಹೋಗದೆ ನಿಂತಿದ್ದರೆ ಕಚ್ಚಿಕೊಳ್ಳಲು, ಬೆಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ.

ಜನವರಿಯಲ್ಲಿ ಶುರುವಾಯಿತು ಎಂದಿರಲ್ಲ, ಅಲ್ಲಿಗೇ ನನ್ನ ಕಣ್ಣು ಹೋಯಿತು. ಕೊಯ್ಲಿನ ತಿಂಗಳುಗಳಲ್ಲಿ ನನ್ನ ಹತ್ತಿರ ಬರುವ ಹೆಂಗಸರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಬೆಳಗ್ಗೆ ಮನೆ ಬಿಟ್ಟ ಮೇಲೆ ಮತ್ತೆ ಯಾವಾಗ ಮೂತ್ರಕ್ಕೆ ಹೋಗುತ್ತೀರಿ ಎಂಬುದು. ಹೆಚ್ಚಿನವರು ತಲೆ ತಗ್ಗಿಸಿ ಸಂಜೆ ಎನ್ನುತ್ತಾರೆ. ತೋಟದಲ್ಲಿ ಮರೆಯಾದ ಜಾಗವಿಲ್ಲ, ಪಕ್ಕದ ಸಾಲಿನಲ್ಲಿ ಗಂಡಾಳುಗಳಿರುತ್ತಾರೆ, ಜಿಗಣೆ, ಹಾವು, ಕೆಲವು ಕಡೆ ಆನೆಯ ಭಯ. ಹೋಗಬೇಕಾಗಿ ಬರಬಾರದು ಎಂದು ನೀರನ್ನೇ ಕುಡಿಯುವುದಿಲ್ಲ. ಒಬ್ಬರು ನೀರಿನ ಬಾಟಲಿಯನ್ನು ತುಂಬಿಸಿಕೊಂಡು ಬಂದು ಸಂಜೆ ಹಾಗೆಯೇ ಮನೆಗೆ ಒಯ್ಯುತ್ತಿದ್ದರು. ಬಾಟಲಿ ತರದಿದ್ದರೆ ಜೊತೆಯವರು ಏನಾದರೂ ಅಂದುಕೊಳ್ಳುತ್ತಾರೆ ಎಂದು ತರುವುದಂತೆ! ನೀವು ತೋಟದ ಒಡತಿ. ನಿಮಗೇ ಹೀಗಾದರೆ ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವ ಹೆಂಗಸರ ಪಾಡನ್ನು ಯೋಚಿಸಿ. ದೊಡ್ಡ ತೋಟಗಳಿಗೆಂದು 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಕುಡಿಯುವ ನೀರು ಇರಬೇಕು, ಹೆಣ್ಣಿಗೂ ಗಂಡಿಗೂ ಬೇರೆ ಬೇರೆ ಶೌಚಾಲಯ ಇರಬೇಕು ಎಂದು ಬರೆದಿತ್ತು. ನಿಮ್ಮದು ಚಿಕ್ಕ ತೋಟ, ಕಾಯ್ದೆಯ ಮಾತು ಬೇಡ. ನಾಲ್ಕು ಕಂಬ, ಸುತ್ತ ಒಂದು ಟಾರ್ಪಾಲು, ಒಂದು ಗುಂಡಿ, ಒಂದು ಬಿಂದಿಗೆ ನೀರು, ಇಷ್ಟನ್ನು ಮುಂದಿನ ಡಿಸೆಂಬರಿಗೆ ಮೊದಲು ತೋಟದ ನಡುವೆ ಮಾಡಿಸಿ. ನಾನು ಬರೆದುಕೊಡುವ ಯಾವ ಮಾತ್ರೆಗಿಂತಲೂ ಅದರಿಂದ ಹೆಚ್ಚು ಹೆಂಗಸರಿಗೆ ಗುಣವಾಗುತ್ತದೆ.

ನೀರಿನ ವಿಷಯದಲ್ಲಿ ಇದು ಬರೀ ಅಜ್ಜಿಯ ಉಪದೇಶವಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಉರಿಮೂತ್ರ ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಒಂದು ವರ್ಷ ಗಮನಿಸಿದರು. ಅರ್ಧ ಮಂದಿ ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದರು, ಉಳಿದವರು ಎಂದಿನಂತೆಯೇ ಇದ್ದರು. ಎಂದಿನಂತಿದ್ದವರಿಗೆ ವರ್ಷದಲ್ಲಿ ಸರಾಸರಿ 3.2 ಸಲ ಸೋಂಕು ಬಂದರೆ, ನೀರು ಹೆಚ್ಚಿಸಿದವರಿಗೆ 1.7 ಸಲ. ಹೆಚ್ಚುಕಡಿಮೆ ಅರ್ಧ. ನಮ್ಮಲ್ಲಿ ಕೊಯ್ಲಿನ ಸಮಯ ಹೇಗೋ ಮಳೆಗಾಲವೂ ಹಾಗೆಯೇ. ಚಳಿಗೆ ಬಾಯಾರುವುದಿಲ್ಲ, ದಿನವಿಡೀ ಬೆಲ್ಲದ ಕಾಫಿಯಲ್ಲೇ ಕಳೆದುಹೋಗುತ್ತದೆ. ಬರೀ ನೀರು ಇಳಿಯದಿದ್ದರೆ ಜೀರಿಗೆ ಹಾಕಿ ಬಿಸಿ ಮಾಡಿ ಕುಡಿಯಿರಿ. ಉರಿ ಇರುವಷ್ಟು ದಿನ ಕಾಫಿ ಕಡಿಮೆ ಮಾಡಿ, ಊದಿಕೊಂಡ ಮೂತ್ರಕೋಶವನ್ನು ಅದು ಕೆರಳಿಸುತ್ತದೆ.

ಅತ್ತೆಯವರ ಉಷ್ಣದ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬಿಸಿಲಿನಲ್ಲಿ ನೀರು ಕುಡಿಯದೆ ದುಡಿದಾಗ ಮೂತ್ರ ಗಟ್ಟಿಯಾಗಿ, ಹಳದಿಯಾಗಿ, ಹೋಗುವಾಗ ಸ್ವಲ್ಪ ಚುರುಗುಟ್ಟುತ್ತದೆ. ಅದನ್ನೇ ಹಿರಿಯರು ಉಷ್ಣ ಎಂದರು. ಅದಕ್ಕೆ ಎಳನೀರು, ಬಾರ್ಲಿ ನೀರು ಸಾಕು, ಒಂದು ದಿನದಲ್ಲಿ ತಣ್ಣಗಾಗುತ್ತದೆ. ಎರಡನೆಯ ದಿನವೂ ಉರಿ ಇದ್ದರೆ, ಹತ್ತು ನಿಮಿಷಕ್ಕೊಮ್ಮೆ ಅವಸರವಾಗಿ ಓಡಬೇಕಾಗಿ ಬಂದು ನಾಲ್ಕೇ ಹನಿ ಬಿದ್ದರೆ, ಮೂತ್ರ ಕದಡಿದಂತಿದ್ದರೆ, ರಕ್ತ ಕಂಡರೆ, ಅದು ಸೋಂಕು. ಎಳನೀರಿಗೆ ಅದು ಬಗ್ಗುವುದಿಲ್ಲ.

ನಿಮಗೆ ಎಂಟು ತಿಂಗಳಲ್ಲಿ ಮೂರು ಸಲ ಬಂದಿದೆ. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತೇವೆ. ಹಾಗೆ ಬಂದವರಿಗೆ ಕಲ್ಚರ್ ಪರೀಕ್ಷೆ ಇಲ್ಲದೆ ಔಷಧ ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ. ಈ ಪರೀಕ್ಷೆಯಲ್ಲಿ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನೋಡುತ್ತಾರೆ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು.

ಕಲ್ಚರಿಗೆ ಮೂತ್ರ ಕೊಡುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಟಾನಿಕ್ ಬಾಟಲಿ ತೊಳೆದು ಅದರಲ್ಲಿ ಒಯ್ಯಬೇಡಿ. ಪ್ರಯೋಗಾಲಯದವರೇ ಕೊಡುವ ಮುಚ್ಚಿದ ಡಬ್ಬಿಯಲ್ಲೇ ಹಿಡಿಯಬೇಕು. ಕೈ ತೊಳೆದು, ಮೂತ್ರದ್ವಾರದ ಜಾಗವನ್ನು ಬರೀ ನೀರಿನಿಂದ ತೊಳೆದು, ಶುದ್ಧ ಬಟ್ಟೆಯಲ್ಲಿ ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳಿ. ಒಂದು ಕೈಯ ಬೆರಳುಗಳಿಂದ ತುಟಿಗಳನ್ನು ಅಗಲಿಸಿ ಹಿಡಿದು, ಮೊದಲು ಬರುವ ಮೂತ್ರವನ್ನು ಹೊರಗೆ ಬಿಡಿ, ಧಾರೆ ನಿಲ್ಲಿಸದೆ ನಡುವಿನದನ್ನು ಡಬ್ಬಿಗೆ ಹಿಡಿಯಿರಿ, ಕೊನೆಯದನ್ನು ಬಿಟ್ಟುಬಿಡಿ. ಡಬ್ಬಿಯ ಒಳಗಡೆಗೆ, ಮುಚ್ಚಳದ ಒಳಬದಿಗೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಅದು ಪ್ರಯೋಗಾಲಯದ ಕೈಸೇರಬೇಕು, ಇಲ್ಲದಿದ್ದರೆ ಫ್ರಿಜ್‌ನಲ್ಲಿಡಬೇಕು. ಮನೆಯಲ್ಲಿ ಹಿಡಿದು, ಬಸ್ಸಿಗೆ ಕಾದು, ತಿರುವುಗಳನ್ನು ಸುತ್ತಿ ಮಡಿಕೇರಿ ತಲುಪುವಷ್ಟರಲ್ಲಿ ನಾಲ್ಕಾರು ಬ್ಯಾಕ್ಟೀರಿಯಾ ಸಾವಿರಗಳಾಗಿರುತ್ತವೆ, ವರದಿ ಸುಳ್ಳು ಹೇಳುತ್ತದೆ. ಮಡಿಕೇರಿಗೇ ಬಂದು ಅಲ್ಲೇ ಕೊಡಿ. ಮುಖ್ಯವಾಗಿ, ಮೂತ್ರ ಕೊಡುವವರೆಗೆ ಒಂದು ಆ್ಯಂಟಿಬಯೋಟಿಕ್ ಮಾತ್ರೆಯನ್ನೂ ನುಂಗಬೇಡಿ. ಕೊಟ್ಟ ಮೇಲೆ ವರದಿಗೆ ಕಾಯದೆ ಮೊದಲ ಔಷಧವನ್ನು ವೈದ್ಯರು ಶುರು ಮಾಡಬಹುದು, ವರದಿ ಬಂದಾಗ ಬೇಕಿದ್ದರೆ ಬದಲಿಸುತ್ತಾರೆ.

ಅಂಗಡಿಯ ಮಾತ್ರೆ ಏಕೆ ಕೈಕೊಟ್ಟಿತು? ನೀವು ಹೆಸರು ಬರೆದಿಲ್ಲ. ಸಾಮಾನ್ಯವಾಗಿ ಹೀಗೆ ಕೇಳಿದರೆ ಸಿಗುವುದು ನಾರ್‌ಫ್ಲಾಕ್ಸಾಸಿನ್ ಅಥವಾ ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆ. ನೆಗಡಿಗೆ, ಭೇದಿಗೆ, ಎಲ್ಲದಕ್ಕೂ ನುಂಗಿ ನುಂಗಿ ನಮ್ಮ ದೇಶದ ಇ. ಕೋಲಿಗಳಲ್ಲಿ ಬಹುಪಾಲು ಈ ಗುಂಪಿಗೆ ಜಗ್ಗದಂತಾಗಿವೆ. ಎರಡು ದಿನ ನುಂಗಿದಾಗ ಬಲಹೀನವಾದವು ಸತ್ತು ಉರಿ ಇಳಿಯುತ್ತದೆ, ಬಲವಾದವು ಉಳಿದು ಬೆಳೆಯುತ್ತವೆ. ಮೇ ತಿಂಗಳಲ್ಲಿ ಉಳಿದ ಮಾತ್ರೆಯನ್ನು ನುಂಗಿದ್ದು ಅವುಗಳಿಗೆ ಅಭ್ಯಾಸ ಮಾಡಿಸಿದಂತಾಯಿತು. ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್ ಎಂಬ ಹಳೆಯ ಔಷಧಗಳು ಇಂದಿಗೂ ಹೆಚ್ಚಿನವರಿಗೆ ಕೆಲಸ ಮಾಡುತ್ತಿವೆ. ಮೊದಲನೆಯದನ್ನು ಸಾಮಾನ್ಯವಾಗಿ ಐದು ದಿನ ಊಟದ ಜೊತೆ ಕೊಡುತ್ತೇವೆ, ಎರಡನೆಯದು ನೀರಿನಲ್ಲಿ ಕಲಸಿ ಒಂದೇ ಸಲ ಕುಡಿಯುವ ಪುಡಿ. ಇವುಗಳ ಹೆಸರು ಹೇಳಿದ್ದು ನೀವು ಅಂಗಡಿಗೆ ಹೋಗಿ ಕೇಳಲಿ ಎಂದಲ್ಲ. ಮೂತ್ರಪಿಂಡದ ಶಕ್ತಿ ಕಡಿಮೆ ಇರುವವರಿಗೆ ಮೊದಲನೆಯದನ್ನು ಕೊಡುವಂತಿಲ್ಲ, ಮತ್ತು ಸೋಂಕು ಮೂತ್ರಪಿಂಡಕ್ಕೆ ಏರಿದ್ದರೆ ಇವೆರಡೂ ಅಲ್ಲಿಗೆ ಸಾಲುವುದಿಲ್ಲ. ಇನ್ನೊಂದು: ಉರಿಗೆಂದು ಎಲ್ಲರ ಮನೆಯಲ್ಲೂ ಇರುವ ಹುಳಿಸಿಹಿ ರುಚಿಯ ಸಿರಪ್ ಮೂತ್ರದ ಆಮ್ಲತೆಯನ್ನು ತಗ್ಗಿಸುತ್ತದೆ. ನೈಟ್ರೊಫ್ಯುರಾಂಟೊಯಿನ್ ಆಮ್ಲೀಯ ಮೂತ್ರದಲ್ಲೇ ಚೆನ್ನಾಗಿ ಕೆಲಸ ಮಾಡುವುದು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಸಿರಪ್ ಕುಡಿಯುತ್ತಿದ್ದರೆ ವೈದ್ಯರಿಗೆ ಹೇಳಿ.

ಕಿಡ್ನಿಯ ಭಯ ಬೇಡ, ಎಚ್ಚರ ಬೇಕು. ಬೇರೆ ರೋಗವಿಲ್ಲದ, ಗರ್ಭಿಣಿಯಲ್ಲದ ಹೆಂಗಸಿಗೆ ಮೂತ್ರಕೋಶದ ಸೋಂಕು ನಾಲ್ಕಾರು ಸಲ ಬಂದ ಮಾತ್ರಕ್ಕೆ ಕಿಡ್ನಿ ಕೆಟ್ಟುಹೋಗುವುದು ತೀರಾ ಅಪರೂಪ. ಆದರೆ ಹಲ್ಲು ಕಟಕಟಿಸುವಂತಹ ನಡುಕದ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಯಲ್ಲಿ ನೋವು, ವಾಂತಿ, ಇವು ಬಂದರೆ ಸೋಂಕು ಮೇಲೇರಿದೆ ಎಂದರ್ಥ. ಆಗ ಬೆಳಗಾಗಲಿ ಎಂದು ಕಾಯಬಾರದು. ಸಿದ್ದಾಪುರದ ಕಡೆಯ ಲೈನ್ ಮನೆಯಿಂದ ಒಬ್ಬ ಹುಡುಗಿಯನ್ನು ಮಳೆಗಾಲದಲ್ಲಿ ಕರೆತಂದಿದ್ದರು. ಮಳೆಗೆ ನೆನೆದ ಜ್ವರ ಎಂದು ಮೂರು ದಿನ ಜ್ವರದ ಮಾತ್ರೆ ಕೊಟ್ಟು ಮಲಗಿಸಿದ್ದರು. ಬೆನ್ನಿನ ಬಲಬದಿಯನ್ನು ಕೈಯಿಂದ ಮೆಲ್ಲಗೆ ತಟ್ಟಿದೆ. ಮಾತಾಡುವ ತ್ರಾಣವಿಲ್ಲದ ಹುಡುಗಿ ಚೀರಿದಳು. ನಾಲ್ಕು ತಿಂಗಳ ಗರ್ಭಿಣಿ ಬೇರೆ. ತಾಯಿ ಮಗು ಇಬ್ಬರೂ ಉಳಿದರು, ಆದರೆ ಆ ಮೂರು ದಿನವನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಗರ್ಭಿಣಿಯರಲ್ಲಿ ಉರಿ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೂ ಚಿಕಿತ್ಸೆ ಬೇಕು. ಗರ್ಭಿಣಿಯರ ತಪಾಸಣೆಯಲ್ಲಿ ಮೂತ್ರ ಪರೀಕ್ಷೆಯನ್ನು ತಪ್ಪಿಸಬಾರದು ಎಂದು ಹಟ ಹಿಡಿಯುವುದು ಇದಕ್ಕೇ. ನಿಮಗೆ ಸಕ್ಕರೆ ಪರೀಕ್ಷೆಯೂ ಆಗಬೇಕು. ಮಧುಮೇಹ ಇದ್ದೂ ಗೊತ್ತಿಲ್ಲದವರಿಗೆ ಎಷ್ಟೋ ಸಲ ಉರಿಮೂತ್ರವೇ ಅದನ್ನು ತಿಳಿಸಿಕೊಡುತ್ತದೆ.

ಇನ್ನು ನಿಮ್ಮ ಪತ್ರದ ಎರಡನೆಯ ಭಾಗ. ನನಗೆ ಹೆಚ್ಚು ಕಳವಳ ಇದರ ಬಗ್ಗೆಯೇ. ಕಿಬ್ಬೊಟ್ಟೆಯ ಎಳೆತ, ವಾಸನೆಯ ಬಿಳಿಸೆರಗು, ಸೇರುವಾಗ ಒಳಗೆ ಆಳದಲ್ಲಿ ನೋವು, ಇವು ಮೂತ್ರಕೋಶದ ಸೋಂಕಿನ ಲಕ್ಷಣಗಳಲ್ಲ. ಮೂತ್ರದ ಸೋಂಕು ಗರ್ಭಕೋಶಕ್ಕೆ ಹರಡಿದೆಯೇ ಎಂದು ಕೇಳಿದ್ದೀರಿ. ಹಾಗೆ ಹರಡುವುದಿಲ್ಲ, ದಾರಿಗಳು ಬೇರೆ. ಗರ್ಭಕೋಶದ ಸೋಂಕು ಯೋನಿಯಿಂದ ಗರ್ಭಕೊರಳನ್ನು ದಾಟಿ, ಗರ್ಭಕೋಶದ ಒಳಪದರಕ್ಕೆ, ಅಲ್ಲಿಂದ ಗರ್ಭನಾಳಗಳಿಗೆ, ಅಂಡಾಶಯದ ಸುತ್ತಲಿಗೆ ಏರುತ್ತದೆ. ಇದನ್ನು ಕಿಬ್ಬೊಟ್ಟೆಯ ಉರಿಯೂತ ಎನ್ನುತ್ತೇವೆ. ಕ್ಲಮೈಡಿಯಾ, ಗೊನೋರಿಯಾ ಎಂಬ ಸೂಕ್ಷ್ಮಾಣುಗಳು ಇದನ್ನು ತರಬಹುದು, ಯೋನಿಯಲ್ಲೇ ಇರುವ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದಾಗಲೂ ಬರಬಹುದು. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. ಶ್ವಾಸಕೋಶದಲ್ಲಿ ಏನೂ ಕಾಣದಿದ್ದರೂ ಅದು ಗರ್ಭನಾಳಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಮುಟ್ಟು ಬರಬರುತ್ತಾ ಕಡಿಮೆಯಾಗುವುದು, ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು ಇದ್ದರೆ ವೈದ್ಯರು ಆ ಕಡೆಯೂ ನೋಡುತ್ತಾರೆ.

ಇದನ್ನು ತಡಮಾಡಿದರೆ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಗರ್ಭನಾಳದ ಒಳಗೆ ನವಿರಾದ ರೋಮಗಳಿವೆ, ಅವು ಮೊಟ್ಟೆಯನ್ನು ಮೆಲ್ಲಗೆ ಗರ್ಭಕೋಶದ ಕಡೆ ತಳ್ಳುತ್ತವೆ. ಉರಿಯೂತ ಅವನ್ನು ಸುಡುತ್ತದೆ, ಗೋಡೆಗಳು ಒಂದಕ್ಕೊಂದು ಅಂಟುತ್ತವೆ. ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಇಂತಹ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಒಮ್ಮೆ ಈ ಉರಿಯೂತ ಬಂದವರಲ್ಲಿ ನೂರಕ್ಕೆ 8 ಮಂದಿಗೆ ನಾಳ ಕೆಟ್ಟು ಮಕ್ಕಳಾಗಲಿಲ್ಲ, ಎರಡು ಸಲ ಬಂದವರಲ್ಲಿ 20ರ ಹತ್ತಿರ, ಮೂರು ಸಲ ಬಂದವರಲ್ಲಿ 40. ನಿಮಗೆ ಮಕ್ಕಳಾಗಿದ್ದಾರೆ ನಿಜ. ಆದರೆ ವರ್ಷಗಟ್ಟಲೆ ಬಿಡದ ಕಿಬ್ಬೊಟ್ಟೆ ನೋವು, ನಾಳದಲ್ಲೇ ಗರ್ಭ ಕಟ್ಟುವ ಅಪಾಯ ನಿಮಗೂ ಇದೆ. ಆದ್ದರಿಂದಲೇ ಹೊಟ್ಟೆಯ ಕೆಳಭಾಗದ ನೋವಿನ ಹೆಂಗಸಿಗೆ ನಾನು ಮೊದಲು ಮಾಡುವುದು ಗರ್ಭ ಪರೀಕ್ಷೆ. ಕಾಪರ್-ಟಿ ಇದ್ದಾಗ ಗರ್ಭ ನಿಲ್ಲುವುದೇ ಅಪರೂಪ, ನಿಂತರೆ ಅದು ನಾಳದಲ್ಲಿ ನಿಂತಿರುವ ಸಂಭವ ಹೆಚ್ಚು. ಮುಟ್ಟು ತಡವಾಗಿದ್ದು, ಒಮ್ಮೆಲೇ ಹೊಟ್ಟೆ ನೋವು, ತಲೆಸುತ್ತು, ಹೆಗಲ ತುದಿಯಲ್ಲಿ ನೋವು ಬಂದರೆ ಅದು ಆ ಕ್ಷಣವೇ ಆಸ್ಪತ್ರೆಗೆ ಓಡಬೇಕಾದ ಸಂಗತಿ.

ಕಾಪರ್-ಟಿಯಿಂದ ಹೀಗಾಯಿತೇ ಎಂಬ ಅನುಮಾನ ನಿಮಗಿರಬಹುದು. ಹಾಕಿದ ಮೊದಲ ಮೂರು ವಾರ ಸೋಂಕಿನ ಅಪಾಯ ಸ್ವಲ್ಪ ಹೆಚ್ಚು, ಆಮೇಲೆ ಅದು ದೋಷಿಯಲ್ಲ. ಎರಡು ವರ್ಷವಾದ ಮೇಲೆ ಅದನ್ನು ಗಾಬರಿಯಲ್ಲಿ ತೆಗೆಸಬೇಕಾಗಿಲ್ಲ. ಚಿಕಿತ್ಸೆ ಶುರುವಾಗಿ ಮೂರು ದಿನದಲ್ಲಿ ಸುಧಾರಿಸದಿದ್ದರೆ ತೆಗೆಯುವ ಯೋಚನೆ ಮಾಡುತ್ತಾರೆ.

ಚಿಕಿತ್ಸೆ ಸಾಮಾನ್ಯವಾಗಿ ಎರಡು ವಾರ, ಎರಡು ಮೂರು ಔಷಧ ಸೇರಿಸಿ ಕೊಡುವುದು. ನೋವು ನಾಲ್ಕನೆಯ ದಿನಕ್ಕೇ ಹೋಗಬಹುದು. ಜನವರಿಯಲ್ಲಿ ಮಾಡಿದಂತೆ ಆಗ ನಿಲ್ಲಿಸಬೇಡಿ, ಹದಿನಾಲ್ಕು ದಿನ ಎಂದರೆ ಹದಿನಾಲ್ಕು ದಿನವೇ. ಡಾಕ್ಸಿಸೈಕ್ಲಿನ್ ಕೊಟ್ಟರೆ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡುತ್ತದೆ. ಮೆಟ್ರೊನಿಡಜೋಲ್ ಇದ್ದರೆ ಆ ದಿನಗಳಲ್ಲಿ ಮದ್ಯ ಒಂದು ಗುಟುಕೂ ಬೇಡ. ಕೈಲ್‌ಪೊಳ್ದ್ ಹತ್ತಿರವಿದೆ, ಹಬ್ಬದ ಮನೆಯಲ್ಲಿ ಒತ್ತಾಯ ಮಾಡುವವರಿರುತ್ತಾರೆ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಕಾಯಿಲೆಗಳ ಔಷಧ ಬಣ್ಣ ಬಣ್ಣದ ಪೊಟ್ಟಣಗಳಲ್ಲಿ ಉಚಿತವಾಗಿ ಸಿಗುತ್ತದೆ. ಕಿಬ್ಬೊಟ್ಟೆ ನೋವಿಗೆ ಕೊಡುವುದು ಹಳದಿ ಪೊಟ್ಟಣ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಅಲ್ಲಿ ಪರಿಚಯದವರು ಕಂಡರೆ ಎಂಬ ಅಳುಕು ನನಗೆ ಗೊತ್ತು. ಕೊಡಗು ಚಿಕ್ಕದು, ಸಾಲಿನಲ್ಲಿ ನಿಂತರೆ ಯಾರಾದರೊಬ್ಬರು ಯಾವ ಮನೆಯವರು ಎಂದು ಗುರುತಿಸಿಯೇ ಬಿಡುತ್ತಾರೆ. ಆದರೆ ಸ್ತ್ರೀರೋಗ ವಿಭಾಗಕ್ಕೆ ಹೆಂಗಸರು ನೂರು ಕಾರಣಕ್ಕೆ ಬರುತ್ತಾರೆ. ನಿಮ್ಮ ಕಾರಣ ನಿಮಗೂ ವೈದ್ಯರಿಗೂ ಗೊತ್ತಿದ್ದರೆ ಸಾಕು, ಬೇರೆಯವರಿಗೆ ಹೇಳಲು ಅವರಿಗೂ ಅಧಿಕಾರವಿಲ್ಲ. ಅಲ್ಲಿ ಕೈಹಾಕಿ ಪರೀಕ್ಷೆ ಮಾಡುತ್ತಾರೆ, ಬೇಡ ಎನ್ನಬೇಡಿ. ಗರ್ಭಕೊರಳನ್ನು ಅಲುಗಿಸಿದಾಗ ನೋವಾಗುತ್ತದೆಯೇ ಎಂಬುದೇ ಈ ರೋಗದ ಮುಖ್ಯ ಗುರುತು, ಯಾವ ಸ್ಕ್ಯಾನಿಂಗೂ ಅದನ್ನು ಹೇಳುವುದಿಲ್ಲ. ಹೋದಾಗ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೂ ಮಾಡಿಸಿಕೊಂಡು ಬನ್ನಿ. ಮೂವತ್ತು ದಾಟಿದ ಎಲ್ಲರಿಗೂ ಅದು ಬೇಕು.

ಗರ್ಭಕೋಶ ತೆಗೆಸುವ ಮಾತು ಕೇಳಿದಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಬಿಳಿಸೆರಗಿಗೆ, ಕಿಬ್ಬೊಟ್ಟೆ ನೋವಿಗೆ, ಇನ್ನು ಮಕ್ಕಳು ಬೇಡವಲ್ಲ ಎಂಬ ಒಂದೇ ಕಾರಣಕ್ಕೆ, ಗರ್ಭಕೋಶವನ್ನು ತೆಗೆಸಿಕೊಂಡು ಬಂದ ಮೂವತ್ತೈದು ನಲವತ್ತರ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎರಡು ವಾರದ ಮಾತ್ರೆಗೆ ಹೋಗುವ ಸೋಂಕು ಅದು! ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಮರುದಿನದಿಂದಲೇ ಮುಟ್ಟು ನಿಂತ ವಯಸ್ಸು ಶುರು: ಮೈಯೆಲ್ಲ ಬಿಸಿ, ನಿದ್ದೆಯಿಲ್ಲ, ಮೂಳೆ ಸವೆತ. ಯೋನಿ ಮತ್ತು ಮೂತ್ರದ್ವಾರದ ಪದರ ತೆಳುವಾಗಿ ಉರಿಮೂತ್ರ ಇನ್ನೂ ಹೆಚ್ಚುತ್ತದೆ. ನಿಮ್ಮ ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಅವರಿಗೂ ಯಾರೋ ಹಾಗೆ ಹೇಳಿದ್ದಿರಬೇಕು.

ಯಜಮಾನರ ವಿಷಯ. ಹೌದು, ಅವರಿಗೂ ಪರೀಕ್ಷೆ, ಚಿಕಿತ್ಸೆ ಎರಡೂ ಬೇಕು. ಕ್ಲಮೈಡಿಯಾ ಗಂಡಸರಲ್ಲಿ ಬಹಳ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನಿಮಗೆ ಮಾತ್ರ ಚಿಕಿತ್ಸೆಯಾದರೆ ಅವರಿಂದ ಮತ್ತೆ ನಿಮಗೇ ಬರುತ್ತದೆ. ಇಬ್ಬರ ಔಷಧವೂ ಮುಗಿಯುವವರೆಗೆ ಸೇರಬೇಡಿ. ಇದು ಯಾರಿಂದ ಯಾರಿಗೆ ಬಂತು ಎಂಬ ಜಗಳಕ್ಕೆ ದಾರಿಯಾಗಬಾರದು. ಈ ಸೂಕ್ಷ್ಮಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಒಳಗೆ ಅಡಗಿರಬಲ್ಲದು, ಮತ್ತು ನಿಮ್ಮ ಉರಿಯೂತಕ್ಕೆ ಅದೇ ಕಾರಣ ಎಂಬುದೂ ಇನ್ನೂ ಖಚಿತವಿಲ್ಲ. ಅವರಿಗೆ ನೀವೇ ಹೇಳಲು ಕಷ್ಟವಾದರೆ ಜೊತೆಯಲ್ಲಿ ಕರೆದುಕೊಂಡು ಹೋಗಿ, ಆ ಮಾತನ್ನು ವೈದ್ಯರೇ ಆಡಲಿ.

ಗಂಡಸರಿಗೂ ಇಲ್ಲಿ ಎರಡು ಮಾತು ಇರಲಿ. ಗಂಡಸರಲ್ಲಿ ಉರಿಮೂತ್ರವನ್ನು ಎಂದೂ ಸಾಮಾನ್ಯ ಎನ್ನಬಾರದು. ಹಿಂದೆ ಪ್ರಾಸ್ಟೇಟ್ ಗ್ರಂಥಿಯ ಊತ, ಕಲ್ಲು ಅಥವಾ ತಡೆ ಇರುವುದೇ ಹೆಚ್ಚು. ಜ್ವರದ ಜೊತೆ ಮೂತ್ರ ಕಟ್ಟಿದರೆ ತಕ್ಷಣ ತೋರಿಸಬೇಕು. ಹುಡುಗರಿಗೆ ಒಮ್ಮೆಲೇ ಒಂದು ವೃಷಣ ತಡೆಯಲಾಗದಷ್ಟು ನೋಯತೊಡಗಿದರೆ ಅದನ್ನು ಸೋಂಕೆಂದು ಮಾತ್ರೆ ನುಂಗಿಸಿ ಕೂರಿಸಬೇಡಿ. ವೃಷಣ ತಿರುಚಿಕೊಂಡಿದ್ದರೆ ಉಳಿಸಲು ಸುಮಾರು ಆರು ಗಂಟೆ ಮಾತ್ರ ಇರುತ್ತದೆ. ಮಡಿಕೇರಿಯಲ್ಲಿ ಶಸ್ತ್ರಚಿಕಿತ್ಸಕರು ಸಿಗದೆ ಮೈಸೂರಿಗೆ ಹೊರಡಬೇಕಾದರೆ ಆ 120 ಕಿಲೋಮೀಟರಿನ ದಾರಿಯೂ ಆ ಆರು ಗಂಟೆಯಲ್ಲೇ ಸೇರಿದೆ.

ಮುಂದೆ ಬಾರದಂತೆ ನೋಡಿಕೊಳ್ಳುವುದು ದೊಡ್ಡ ವಿದ್ಯೆಯೇನಲ್ಲ. ನೀರು ಕುಡಿಯುವುದು, ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವುದು, ಸೇರಿದ ಮೇಲೆ ಒಮ್ಮೆ ಹೋಗಿಬರುವುದು, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯುವುದು. ಯೋನಿಯ ಒಳಗೆ ಸೋಪು, ಡೆಟಾಲ್, ಜಾಹೀರಾತಿನ ದ್ರಾವಣ ಏನನ್ನೂ ಹಾಕಬೇಡಿ. ಅಲ್ಲಿ ನಮ್ಮನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ, ಅವನ್ನೇ ಕೊಂದಂತಾಗುತ್ತದೆ. ಆನ್‌ಲೈನ್‌ನಲ್ಲಿ ಮಾರುವ ಡಿ-ಮ್ಯಾನೋಸ್ ಪುಡಿಗೆ ದುಡ್ಡು ಹಾಕಬೇಡಿ, 2024ರ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಒಳಉಡುಪು ವಾರವಾದರೂ ಒಣಗುವುದಿಲ್ಲ. ತೇವದ್ದನ್ನೇ ಹಾಕಿಕೊಂಡರೆ ತೊಡೆಸಂದಿಯಲ್ಲಿ ಶಿಲೀಂಧ್ರ ಬೆಳೆದು ತುರಿಕೆ, ಮೊಸರಿನಂತಹ ಬಿಳುಪು ಶುರುವಾಗುತ್ತದೆ. ಹಂಡೆ ಒಲೆಯ ಬಳಿ ಒಣಗಿಸಿ, ಹಾಕಿಕೊಳ್ಳುವ ಮೊದಲು ಇಸ್ತ್ರಿ ಮಾಡಿ. ಮುಟ್ಟಿನ ಬಟ್ಟೆ ಬಳಸುವವರು ಅದನ್ನು ಯಾರಿಗೂ ಕಾಣದ ಮೂಲೆಯಲ್ಲಿ ಮುದುಡಿ ಇಡುತ್ತಾರೆ, ಅದಕ್ಕೂ ಇದೇ ಮಾತು.

ಈ ಉತ್ತರ ಓದಿದ ಮರುದಿನವೇ ಹೊರಡಿ. ಕೊನೆಯ ಮುಟ್ಟಿನ ದಿನಾಂಕ, ಕಾಪರ್-ಟಿ ಹಾಕಿಸಿದ ಚೀಟಿ, ಹಿಂದೆ ಯಾವ ಔಷಧಕ್ಕಾದರೂ ಮೈಮೇಲೆ ದದ್ದು ಎದ್ದಿದ್ದರೆ ಅದರ ಹೆಸರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜನವರಿಯ ಮಾತ್ರೆಯ ಖಾಲಿ ಪಟ್ಟಿ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಹುಡುಕಿ ಅದನ್ನೂ ಕೈಚೀಲಕ್ಕೆ ಹಾಕಿಕೊಳ್ಳಿ. ನಿಮ್ಮ ಮೇಲೆ ಯಾವ ಔಷಧ ಸೋತಿದೆ ಎಂದು ವೈದ್ಯರಿಗೆ ಅದರಿಂದ ತಿಳಿಯುತ್ತದೆ.